ಹೇಳಿದ ಹೊತ್ತಿಗೆ ಬರುವ ಗಾಡಿ

ಮೈಕಕ್ಕ ಇಪ್ಪತ್ತಾರು ವರ್ಷಗಳಿಂದ ಕ್ಷಮೆ ಕೇಳುತ್ತ ಬಂದಿದ್ದಾಳೆ. ತಾನು ಮಾಡಿದ ತಪ್ಪಿಗಲ್ಲ. ತಪ್ಪು ಮಾಡಲು ಅವಳಿಗೆ ಪುರಸೊತ್ತೇ ಸಿಕ್ಕಿಲ್ಲ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಬಸ್ ನಿಲ್ದಾಣದ ಮಹಡಿಯ ಗಾಜಿನ ಕೋಣೆಯಲ್ಲಿ, ಕರವಸ್ತ್ರ ಸುತ್ತಿದ ಮೈಕಿನ ಮುಂದೆ ಕೂತು, ಬಾರದ ಬಸ್ಸುಗಳ ಪರವಾಗಿ "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎನ್ನುವುದು ಅವಳ ಕೆಲಸ. ಊರಿನಲ್ಲಿ ಅವಳ ದನಿ ಕೇಳದವರಿಲ್ಲ, ಮುಖ ಬಲ್ಲವರು ಹತ್ತಿಪ್ಪತ್ತು ಜನ ಇದ್ದರೆ ಹೆಚ್ಚು. ತರಕಾರಿ ಅಂಗಡಿಯಲ್ಲಿ ಅವಳು "ಈರುಳ್ಳಿ ಎಷ್ಟು?" ಎಂದು ಕೇಳಿದರೆ, ಪಕ್ಕದಲ್ಲಿ ನಿಂತವರು ಯಾಕೆಂದು ತಿಳಿಯದೆ ತಮ್ಮ ಚೀಲ ಎತ್ತಿಕೊಳ್ಳುತ್ತಾರೆ.

ಆ ಕೋಣೆಗೆ ಎರಡು ಪದ್ಧತಿಗಳಿವೆ. ಒಂದು, ಐದು ನಿಮಿಷದ ಕತ್ತರಿ. ಏಳು ಹತ್ತಕ್ಕೆ ಹೊರಡುವ ಬಸ್ಸನ್ನು ಏಳು ಐದಕ್ಕೆ ಎಂದೇ ಹೇಳಬೇಕು, ಇಲ್ಲದಿದ್ದರೆ ಜನ ಟೀ ಕುಡಿಯುತ್ತ ನಿಂತುಬಿಡುತ್ತಾರೆ. ಎರಡು, ತಡವಾದದ್ದಕ್ಕೆ ಕಾರಣ ಒಂದೇ. ಟೈರು ಪಂಕ್ಚರ್ ಆಗಲಿ, ಸೇತುವೆಯ ಮೇಲೆ ಕುರಿಮಂದೆ ಬರಲಿ, ಚಾಲಕನಿಗೆ ಹೊಟ್ಟೆ ಕೆಡಲಿ, ಹೇಳುವುದು "ತಾಂತ್ರಿಕ ಕಾರಣಗಳಿಂದಾಗಿ" ಎಂದೇ. ಬೇರೆ ಕಾರಣ ಹೇಳಿದರೆ ಕೆಳಗಿನವರು ಮೇಲೆ ಬಂದು ಪ್ರಶ್ನೆ ಕೇಳುತ್ತಾರೆ. ತಾಂತ್ರಿಕ ಅಂದರೆ ಯಾರಿಗೂ ಏನೂ ಕೇಳಲು ತೋಚುವುದಿಲ್ಲ.

ಈ ಎರಡನೆಯ ಪದ್ಧತಿಯೇ ಅವಳ ಮನೆಯ ಶಾಂತಿ ಕೆಡಿಸಿತು. ಕೆಡಿಸಿತು ಎನ್ನುವುದಕ್ಕಿಂತ ಶಾಂತಿಯನ್ನು ವಿಪರೀತ ಹೆಚ್ಚಿಸಿತು ಎನ್ನುವುದೇ ಸರಿ, ಏಕೆಂದರೆ ಅವಳ ಅಪ್ಪ ಆರು ವರ್ಷದಿಂದ ಅವಳೊಂದಿಗೆ ಮಾತೇ ಆಡಿರಲಿಲ್ಲ.

ಅಪ್ಪ ಮೂವತ್ತಮೂರು ವರ್ಷ ಹನ್ನೊಂದನೇ ನಂಬರಿನ ಬಸ್ಸು ಓಡಿಸಿದವನು. ಅಷ್ಟು ವರ್ಷದಲ್ಲಿ ಅವನ ಗಾಡಿ ಒಂದು ಸಲವೂ ರಸ್ತೆಯಲ್ಲಿ ಕೆಟ್ಟು ನಿಂತಿರಲಿಲ್ಲ. ಅವನ ಆಸ್ತಿ, ಪದವಿ, ಜಂಬ ಎಲ್ಲವೂ ಅದೇ. ನಿವೃತ್ತಿಯ ದಿನ, ಕೊನೆಯ ಟ್ರಿಪ್ಪಿನಲ್ಲಿ, ಹನ್ನೊಂದೂ ನಲವತ್ತಕ್ಕೆ ಬರಬೇಕಾದ ಅವನ ಬಸ್ಸು ಒಂದೂ ಇಪ್ಪತ್ತಕ್ಕೆ ಬಂತು. ಅಷ್ಟರಲ್ಲಿ ಮೈಕಕ್ಕ ನಿಯಮದ ಪ್ರಕಾರ ನಾಲ್ಕು ಸಲ ಹೇಳಿದ್ದಳು. ನಾಲ್ಕನೆಯದು ಮುಗಿಯುವುದಕ್ಕೂ ಅವನು ಬಸ್ಸಿನಿಂದ ಕಾಲು ಕೆಳಗಿಡುವುದಕ್ಕೂ ಸರಿಹೋಯಿತು. ಹೂಗುಚ್ಛ ಹಿಡಿದು ಕಾದಿದ್ದ ಡಿಪೋದವರನ್ನೆಲ್ಲ ಸರಿಸಿ ಮೆಟ್ಟಿಲು ಹತ್ತಿ ಬಂದು, ಗಾಜಿನ ಬಾಗಿಲು ತೆಗೆದು, "ನನ್ನ ಗಾಡಿಗೆ ತಾಂತ್ರಿಕ ಕಾರಣಾನಾ?" ಎಂದ. ಅಷ್ಟೇ. ಹಾಗಾದರೆ ತಡವಾದದ್ದೇಕೆ ಎಂದು ಅವಳು ಕೇಳಿದ್ದಕ್ಕೆ ಅವನೂ ಉತ್ತರ ಕೊಡಲಿಲ್ಲ, ಅವನ ಕಂಡಕ್ಟರನೂ ಕೊಡಲಿಲ್ಲ.

ಅಂದಿನಿಂದ ಅಪ್ಪ, ಮಗಳು ಒಂದೇ ಮನೆಯಲ್ಲಿ, ಒಂದೇ ಮೇಜಿನ ಮುಂದೆ ಕೂತು, ಮೂರನೆಯವರ ಮೂಲಕ ಮಾತಾಡುತ್ತ ಬಂದರು. ಆ ಮೂರನೆಯವನು ಅವಳ ಗಂಡ. ಮನೆಯ ಮುಂಗೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ, ಸಮಾಧಾನದ ಮನುಷ್ಯ.

"ಅಳಿಯಂದ್ರೇ, ಊಟಕ್ಕೆ ಉಪ್ಪು ಕಮ್ಮಿ ಅಂತ ಅವಳಿಗೆ ಹೇಳಿ."

"ಉಪ್ಪು ಕಮ್ಮಿಯಂತೆ."

"ಡಾಕ್ಟ್ರು ಕಮ್ಮಿ ಹಾಕು ಅಂದಿದಾರೆ ಅಂತ ಹೇಳಿ."

"ಡಾಕ್ಟ್ರು ಅಂದಿದಾರಂತೆ ಮಾವ."

ಹೀಗೆ ಆರು ವರ್ಷ. ದರ್ಜಿ ಒಮ್ಮೆ ಹುಷಾರಿಲ್ಲದೆ ಮಲಗಿದಾಗ ಮನೆಯಲ್ಲಿ ಮೂರು ದಿನ ಉಪ್ಪಿನ ವಿಷಯ ಇತ್ಯರ್ಥವಾಗದೆ ಉಳಿಯಿತು.

ಇಂಥ ಮನೆಯ ತಾರಸಿಯಲ್ಲಿ ಒಂದು ಸಂಜೆ ಬಟ್ಟೆ ತೆಗೆಯಲು ಹೋದ ಮೈಕಕ್ಕನಿಗೆ, ಆ ದಿನದ ಪತ್ರಿಕೆಯ ಮೂಲೆಯಲ್ಲಿ ಓದಿದ್ದು ನೆನಪಾಯಿತು. ಮನುಷ್ಯರಿರುವ ಬಾಹ್ಯಾಕಾಶ ನೌಕೆಯೊಂದು ಆರು ಐವತ್ತೆರಡಕ್ಕೆ ವಾಯುವ್ಯದಲ್ಲಿ ಕಾಣಿಸುತ್ತದೆ ಎಂದು ಬರೆದಿತ್ತು. ಅವಳು ಗಡಿಯಾರ ನೋಡಿಕೊಂಡು, ಬಾಯಲ್ಲಿ ಎರಡು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ನಿಂತಳು. ಆರು ಐವತ್ತೆರಡಕ್ಕೆ ಎದುರು ಮನೆಯ ಆಂಟೆನಾದ ಪಕ್ಕದಿಂದ ಒಂದು ಬೆಳಕು ಎದ್ದು ಬಂತು. ಮಿನುಗಲಿಲ್ಲ, ಸದ್ದು ಮಾಡಲಿಲ್ಲ, ಯಾರನ್ನೂ ಹತ್ತಿಸಿಕೊಳ್ಳಲಿಲ್ಲ. ತಲೆಯ ಮೇಲೆ ಹಾದು ಹೋಯಿತು. ಹೇಳಿದ ಹೊತ್ತಿಗೆ ಬಂದ ವಾಹನವನ್ನು ಮೈಕಕ್ಕ ಜೀವನದಲ್ಲಿ ನೋಡಿದ್ದು ಅದೇ ಮೊದಲು. ಕ್ಲಿಪ್ಪುಗಳು ಬಾಯಿಂದ ಬಿದ್ದವು.

ಅಲ್ಲಿಂದ ಅವಳಿಗೆ ಅದೇ ಹುಚ್ಚು. ನೌಕೆಯ ವೇಳಾಪಟ್ಟಿ ಹುಡುಕಿ ಬರೆದು, ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದಳು. ಹತ್ತು ಸಲ ನೋಡಿದಳು, ಹತ್ತು ಸಲವೂ ಒಂದು ನಿಮಿಷ ಆಚೀಚೆ ಆಗಲಿಲ್ಲ. ಕ್ಷಮೆ ಕೇಳಬೇಕಾಗಿಲ್ಲದ ಕಡೆ ಹೋಗಿ ನಿಲ್ಲುವುದು ಎಷ್ಟು ಹಾಯಾದ ಸಂಗತಿ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅದೇ ಹೊತ್ತಿನಲ್ಲಿ ಕಣ್ಣಿನ ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ಗಂಡ ಹೆಂಡತಿಗೆ ಹೇಳಿದರು: "ಬಲಗಣ್ಣು ಹೋಯ್ತು. ಎಡಗಣ್ಣಲ್ಲಿ ನಡುವೆ ಒಂದಿಷ್ಟು ಉಳಿದಿದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಇನ್ನು ಮೂರು ತಿಂಗಳೋ, ನಾಲ್ಕೋ."

ಮೈಕಕ್ಕ ಬಸ್ಸಿನಲ್ಲಿ ಬರುತ್ತ ಅತ್ತಳು. ಆರು ವರ್ಷದಿಂದ ಅಪ್ಪ ಅವಳ ಮುಖವನ್ನು ನೆಟ್ಟಗೆ ನೋಡಿಲ್ಲ. ಇನ್ನು ಮೂರು ತಿಂಗಳಲ್ಲಿ ನೋಡಬೇಕೆಂದರೂ ಆಗುವುದಿಲ್ಲ. ಕಣ್ಣು ಪೂರ್ತಿ ಹೋಗುವ ಮೊದಲು ಒಮ್ಮೆ ನನ್ನ ಕಡೆ ತಿರುಗಲಿ, ಬೈದರೂ ಸರಿ, ನನಗೇ ಬೈಯಲಿ. ಅವಳಿಗೆ ಬೇಕಾದದ್ದು ಇಷ್ಟೇ. ಮಗಳನ್ನು ನೋಡು ಎಂದರೆ ಅವನು ನೋಡುವವನಲ್ಲ. ಆದರೆ ಗಾಡಿ ನೋಡು ಎಂದರೆ ನೋಡದೆ ಬಿಡುವ ಡ್ರೈವರ್ ಇನ್ನೂ ಹುಟ್ಟಿಲ್ಲ.

"ರೀ, ನಾಳೆ ಏಳು ಹತ್ತಕ್ಕೆ ತಾರಸಿಗೆ ಬರೋಕೆ ಹೇಳಿ. ಆಕಾಶದಲ್ಲಿ ಗಾಡಿ ಬರುತ್ತೆ ಅನ್ನಿ. ಹೇಳಿದ ಹೊತ್ತಿಗೇ ಬರುತ್ತೆ ಅನ್ನಿ."

ಒಂದು ಮಾರು ದೂರದಲ್ಲಿ ಕೂತಿದ್ದ ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, ದರ್ಜಿ ಮತ್ತೊಮ್ಮೆ ಹೇಳುವ ತನಕ ಕಾದು, "ಹೇಳಿದ ಹೊತ್ತಿಗೆ ಬರೋ ಗಾಡಿ? ಬೊಗಳೆ" ಎಂದ.

ಮರುದಿನ ಏಳು ಹತ್ತಕ್ಕೆ ನೌಕೆ ಬಂತು. ಏಳು ಹದಿನಾಲ್ಕಕ್ಕೆ ಮರೆಯಾಯಿತು. ಏಳು ಹದಿನೈದಕ್ಕೆ ಅಪ್ಪ ಕೋಲೂರಿಕೊಂಡು ತಾರಸಿಯ ಬಾಗಿಲಿಗೆ ಬಂದು, ಖಾಲಿ ಆಕಾಶ ನೋಡಿ, ನೀರಿನ ಟ್ಯಾಂಕಿಗೆ, "ಮೈಕಿನ ಮಾತು ನಂಬ್ಕೊಂಡು ಮೂವತ್ತೆರಡು ಮೆಟ್ಲು ಹತ್ತಿದೆ ನೋಡು" ಎಂದು ಹೇಳಿ ಇಳಿದುಹೋದ.

ಏನಾಯಿತೆಂದು ಬಿಡಿಸಿ ಹೇಳಿದವನು ದರ್ಜಿ, ಯಂತ್ರದಿಂದ ತಲೆ ಎತ್ತದೆ. "ನಿಲ್ದಾಣದಲ್ಲಿ ಐದು ನಿಮಿಷ ಕತ್ತರಿಸಿ ಹೇಳ್ತೀರ. ಮಾವ ಮೂವತ್ತಮೂರು ವರ್ಷ ಅಲ್ಲೇ ಇದ್ದೋರು. ನೀನು ಏಳು ಹತ್ತು ಅಂದ್ರೆ ಅವರ ಲೆಕ್ಕಕ್ಕೆ ಏಳು ಹದಿನೈದು. ನೀನು ಈ ಸಲ ಕತ್ತರಿಸಿದ್ಯಾ?"

"ಇಲ್ಲ. ಅಷ್ಟು ಸರಿಯಾಗಿ ಬರೋದಕ್ಕೆ ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ."

"ಕುಗ್ಗೋ ಬಟ್ಟೆ ಅಂತ ಗೊತ್ತಿದ್ಮೇಲೆ ಒಂದಿಂಚು ಜಾಸ್ತಿ ಬಿಡ್ಬೇಕು" ಎಂದು ಅವನು ತುಳಿಯುವುದನ್ನು ಮುಂದುವರಿಸಿದ.

ಮುಂದಿನ ಹದಿನೇಳು ದಿನ ನೌಕೆ ಆ ಊರಿನ ಸಂಜೆಗೆ ಸಿಗುವಂತಿರಲಿಲ್ಲ. ಅಷ್ಟರಲ್ಲಿ ಅಪ್ಪ ಎರಡು ಸಲ ಟೀ ಲೋಟವನ್ನು ಮೇಜಿನ ಅಂಚಿನಾಚೆ ಇಟ್ಟ. ಮೇಜನ್ನು ಯಾರೋ ಸರಿಸಿದ್ದಾರೆ ಎಂದ. ಒಂದು ರಾತ್ರಿ ಊಟದ ನಡುವೆ, "ಅಳಿಯಂದ್ರೇ, ಅದರಲ್ಲಿ ಎಷ್ಟು ಸೀಟು ಅಂತ ಕೇಳಿ" ಎಂದ.

"ಏಳು ಜನ ಇದಾರಂತೆ ಮಾವ."

"ಏಳೇನಾ? ಹಾಗಾದ್ರೆ ಹೊತ್ತಿಗೆ ಸರಿಯಾಗಿ ಬರದೆ ಏನು ಮಾಡುತ್ತೆ?"

ಹದಿನೆಂಟನೆಯ ದಿನ ನೌಕೆ ಏಳು ಎರಡಕ್ಕಿತ್ತು. ಮೈಕಕ್ಕ ಮನಸ್ಸು ಗಟ್ಟಿ ಮಾಡಿಕೊಂಡು ಆರು ಐವತ್ತೇಳು ಎಂದು ಹೇಳಿಸಿದಳು. ಅಪ್ಪ ಏಳು ಎರಡಕ್ಕೆ ತಾರಸಿಯಲ್ಲಿದ್ದ. ದರ್ಜಿ ಮೇಲೆ ಬರಲಿಲ್ಲ. ಗಿರಾಕಿ ಬಂದಿದ್ದಾರೆ ಎಂದ, ಯಾರೂ ಬಂದಿರಲಿಲ್ಲ.

ಬೆಳಕು ಆಂಟೆನಾದ ಪಕ್ಕದಿಂದ ಎದ್ದಿತು. ಅಪ್ಪನ ಮುಖ ಬೇರೆಲ್ಲೋ ಇತ್ತು. ಮಾತಾಡುವಂತಿಲ್ಲ, ತೋರಿಸಿದರೆ ಬೆರಳು ಕಾಣುವಂತಿಲ್ಲ. ಮೈಕಕ್ಕ ಹಿಂದೆ ಹೋಗಿ ನಿಂತು, ಎರಡೂ ಕೈಯಿಂದ ಅವನ ದವಡೆ ಹಿಡಿದು ತಿರುಗಿಸಿದಳು. ಗಡ್ಡ ಅಂಗೈಗೆ ಚುಚ್ಚಿತು. ಅವನು ಕೊಸರಿಕೊಳ್ಳಲಿಲ್ಲ. ಅವನ ಉಸಿರು ಒಂದು ಕ್ಷಣ ನಿಂತಾಗ, ಸಿಕ್ಕಿತು ಎಂದು ಅವಳಿಗೆ ತಿಳಿಯಿತು. ಬೆಳಕು ಮೇಲೇರಿದಂತೆ ಅವಳು ಅವನ ತಲೆಯನ್ನು ಮೆಲ್ಲಗೆ ಎತ್ತುತ್ತ ಹೋದಳು.

ಅಪ್ಪ ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಎದುರಿನಿಂದ ಬರುವ ಬಸ್ಸಿನ ಡ್ರೈವರಿಗೆ ತೋರಿಸುವಂತೆ, ಅಂಗೈ ತೋರಿಸಿ ಇಳಿಸಿದ. ಆ ಕಡೆಯವರು ಕೈ ಎತ್ತಿದರೋ ಇಲ್ಲವೋ ತಿಳಿಯಲು ದಾರಿಯಿಲ್ಲ.

"ಎಲ್ಲಿ ನಿಲ್ಲುತ್ತಂತೆ ಅದು?" ಎಂದು ಟ್ಯಾಂಕನ್ನು ಕೇಳಿದ.

"ನಿಲ್ಲಲ್ಲ. ಸುತ್ತುತ್ತಾನೇ ಇರುತ್ತೆ" ಎಂದು ಟ್ಯಾಂಕಿನ ಪರವಾಗಿ ಅವಳು ಹೇಳಿದಳು.

ನಡು ಆಕಾಶ ದಾಟಿದ ಮೇಲೆ ಬೆಳಕು ಮಂಕಾಗಿ, ಆರಿಹೋಯಿತು. ಅಪ್ಪ ಬೆಚ್ಚಿದ.

"ಏನಾಯ್ತು? ಕೆಟ್ಟುಹೋಯ್ತಾ?"

"ಇಲ್ಲಪ್ಪಾ. ಭೂಮಿ ನೆರಳಿಗೆ ಹೋಯ್ತು. ಓಡ್ತಾನೇ ಇದೆ, ನಮಗೆ ಕಾಣಲ್ಲ ಅಷ್ಟೆ."

ಅವನು ಅವಳ ಕೈಗಳನ್ನು ದವಡೆಯಿಂದ ತೆಗೆದ. ಕೋಲನ್ನು ಗೋಡೆಗೆ ಒರಗಿಸಿ, ಅವಳ ಕಡೆ ತಿರುಗಿ, ಉಳಿದ ಅಷ್ಟು ಕಣ್ಣಿನಲ್ಲಿ ಅವಳ ಮುಖವನ್ನು ಹುಡುಕಿದ. ಮೊದಲು ಕಿವಿ ಸಿಕ್ಕಿರಬೇಕು, ಆಮೇಲೆ ಮೂಗು. ಮೈಕಕ್ಕ ಅಲುಗದೆ ನಿಂತಳು.

"ಅವತ್ತು ಗಾಡಿ ಕೆಟ್ಟಿರಲಿಲ್ಲ" ಎಂದ.

"ಗೊತ್ತಪ್ಪಾ."

"ನಿಂಗೇನು ಗೊತ್ತು? ಸ್ಪೀಡಿನ ಮುಳ್ಳು ಇಪ್ಪತ್ತರ ಮೇಲೆ ಏರೋಕೆ ಬಿಡಲಿಲ್ಲ ನಾನು. ಸೈಕಲ್ಲಿನವರೆಲ್ಲ ದಾಟ್ಕೊಂಡು ಹೋದ್ರು. ಕಂಡಕ್ಟರ್ ಪ್ರಯಾಣಿಕರಿಗೆ ಅದೇನು ಹೇಳಿದ್ನೋ, ಒಬ್ಬರೂ ಬೇಗ ಹೋಗಿ ಅನ್ನಲಿಲ್ಲ. ನಿಲ್ದಾಣ ಬಂದ್ರೆ ಇಳೀಬೇಕಿತ್ತಲ್ಲ."

ಕಣ್ಣೀರು ಒರೆಸಿಕೊಂಡರೆ ಕೈ ಅಡ್ಡ ಬಂದು ಅವನಿಗೆ ಮುಖ ತಪ್ಪಿಹೋಗಬಹುದೆಂದು ಮೈಕಕ್ಕ ಒರೆಸಿಕೊಳ್ಳಲಿಲ್ಲ.

"ಮತ್ತೆ ಮೈಕಲ್ಲಿ ನಾನೇನು ಹೇಳಬೇಕಿತ್ತಪ್ಪಾ?"

"ಬರ್ತಾ ಇದಾನೆ ಅಂದಿದ್ರೆ ಸಾಕಿತ್ತು" ಎಂದ ಅಪ್ಪ.