ಮೊದಲೇ ಬಂದಿದ್ದ ಉತ್ತರ

ನಾನು ಕೆಲಸ ಮಾಡುವ ಆಫೀಸು ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ನಾಲ್ಕು ಜನ, ನಾಲ್ಕು ಕಂಪ್ಯೂಟರು. ಸುಗ್ಗಿಯಲ್ಲಿ ಕಿಟಕಿ ತೆರೆದರೆ ಕೀಬೋರ್ಡಿನ ತುಂಬ ಅರಳೆಯ ಎಳೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಈ ಮಾತು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಮುಚ್ಚಿಡುವುದೇಕೆ? ಬೆಳಿಗ್ಗೆ ಶೇಂಗಾ ಕಿತ್ತು, ಕೈ ತೊಳೆದುಕೊಂಡು ಹೋಗಿ ಪರೀಕ್ಷೆ ಬರೆದವಳು ನಾನು.

ಆದರೆ ಇಲ್ಲಿಗೆ ನಾವು ಇಬ್ಬರು ಬರಬೇಕಿತ್ತು.

ಆಕೆ ನನ್ನ ಊರಿನವಳು, ನನ್ನ ಗೆಳತಿ. ಆಸ್ಪರಿ ಕಡೆಯ ನಮ್ಮ ಹಳ್ಳಿಯಿಂದ ಆದೋನಿಯ ಕಾಲೇಜಿಗೆ ಮೂರು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಪಾಠ ತೆಲುಗಿನಲ್ಲಿ, ಜಗಳ ಕನ್ನಡದಲ್ಲಿ. ಕಂಪ್ಯೂಟರ್ ಲ್ಯಾಬಿನಲ್ಲಿ ಇಬ್ಬರಿಗೆ ಒಂದು ಕುರ್ಚಿ, ಅರ್ಧ ಅರ್ಧ ಕೂರುತ್ತಿದ್ದೆವು. ಲೆಕ್ಕದಲ್ಲಿ ಆಕೆ ನನಗಿಂತ ಚುರುಕು. ಡಿಗ್ರಿ ಮುಗಿದ ಮೇಲೆ ಆದೋನಿಯಲ್ಲೇ ಪ್ರೋಗ್ರಾಮಿಂಗ್ ಕಲಿಸುವ ತರಗತಿಯೊಂದು ಗೊತ್ತಾಯಿತು. ಅದು ಮುಗಿಯುವ ಹೊತ್ತಿಗೆ ನಮ್ಮೂರಿನ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ರೂಮು ಮಾಡಲೇಬೇಕು.

"ಇಬ್ರೂ ಒಂದ ರೂಮ್ ಹಿಡಿಯೋಣು. ಬರ್ತೀಯೇನು?" ಎಂದು ಕೇಳಿದೆ.

"ಮನ್ಯಾಗ ಕೇಳಿ ಸೋಮವಾರ ಹೇಳ್ತೀನಿ ತಡಿಯೇ" ಎಂದಳು.

ಫೋನು ಮಾಡಿ ಕೇಳುವಂತಿರಲಿಲ್ಲ. ಅವರ ಮನೆಯ ಫೋನು ಅಣ್ಣನ ಜೇಬಿನಲ್ಲಿರುತ್ತಿತ್ತು. ಸೋಮವಾರ ಬೆಳಿಗ್ಗೆ ನಾನು ಟ್ರಂಕು ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತೆ. ಎರಡು ಬಸ್ಸು ಬಿಟ್ಟೆ. ಆಕೆ ಬರಲಿಲ್ಲ. ಸ್ಟಾಪಿನಲ್ಲಿ ಉಗ್ಗಾಣಿ–ಬಜ್ಜಿ ಹೋಟೆಲು ನಡೆಸುವ, ಊರಿಗೆಲ್ಲ ಅತ್ತೆಯಾದವಳು "ಚಾ ಕುಡಿ ಬಾ ಯಮ್ಮಾ" ಎಂದು ಕರೆದಳು. ಒಲ್ಲೆ ಎಂದೆ. ಊರಿನ ಮುಂದೆ ಡಿಗ್ರಿ ಪಾಸಾದವಳೆಂದು ಹೆಸರು ಮಾಡಿಕೊಂಡು, ಯಾರಿಗೋ ಕಾದು ಕಾದು ಸೋತವಳಂತೆ ಕಾಣುವುದು ನನಗೆ ಬೇಕಿರಲಿಲ್ಲ. ಮೂರನೆಯ ಬಸ್ಸು ಹತ್ತಿದೆ. ಕೆಲವು ತಿಂಗಳಿಗೆ ಆಕೆಯನ್ನು ದೇವನಕೊಂಡ ಕಡೆ ಕೊಟ್ಟರೆಂದು ಕೇಳಿದೆ. ಮದುವೆಗೆ ಹೋಗಲಿಲ್ಲ. ಬಾರದಿದ್ದುದನ್ನೇ ಆಕೆಯ "ಇಲ್ಲ" ಎಂದು ಓದಿಕೊಂಡು ಏಳು ವರ್ಷ ಕಳೆದೆ. ಸಿಟ್ಟಿತ್ತು. ಸಿಟ್ಟಿನ ಕೆಳಗೆ ಆಕೆ ಬೇಕೆಂಬ ಆಸೆಯೂ ಇತ್ತು.

ಇದನ್ನೆಲ್ಲ ಮತ್ತೆ ಕೆದಕಿದ್ದು ನಾನು ಮಾಡಿದ ಒಂದು ತಪ್ಪು. ನಮ್ಮ ಆಫೀಸಿಗೆ ಬಂದ ಕೆಲಸ ಹತ್ತಿ, ಶೇಂಗಾ ಧಾರಣೆಯ ಒಂದು ವೆಬ್ ಪುಟ. ಆದೋನಿ, ರಾಯಚೂರು, ಬಳ್ಳಾರಿ ಹೀಗೆ ಐದಾರು ಊರಿನ ಧಾರಣೆಯನ್ನು ಬೇರೆ ಬೇರೆ ಕಡೆಯಿಂದ ತಂದು ಒಂದೇ ಪುಟದಲ್ಲಿ ತೋರಿಸಬೇಕು. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲು ಬರೆದದ್ದು ಸಾಲಿನಲ್ಲಿ ನಿಲ್ಲಿಸುವ ಪದ್ಧತಿ: ರಾಯಚೂರನ್ನು ಕೇಳು, ಉತ್ತರ ಬರುವವರೆಗೆ ಸುಮ್ಮನೆ ನಿಲ್ಲು, ಆಮೇಲೆ ಬಳ್ಳಾರಿ. ಒಂದು ಊರು ತಡಮಾಡಿದರೆ ಪುಟವೆಲ್ಲ ಬಿಳಿ ಹಾಳೆ. ಎಲ್ಲರನ್ನೂ ಒಟ್ಟಿಗೆ ಕೇಳಿ, ಯಾರ ಉತ್ತರ ಯಾವಾಗ ಬಂದರೂ ತೆಗೆದುಕೊಳ್ಳುವ ಉಪಾಯಕ್ಕೆ ಪ್ರಾಮಿಸ್ ಎನ್ನುತ್ತಾರೆ. ಅದಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು ಬೇಕಾದಷ್ಟಿದೆ. ನಮ್ಮ ಬಾಡಿಗೆ ಸರ್ವರು ಹಳೆಯದು, ಅದು ಯಾವುದನ್ನೂ ಒಪ್ಪಲಿಲ್ಲ. ನಾನೇ ಬರೆಯಲು ಕೂತೆ.

ಪ್ರಾಮಿಸ್ ಎಂದರೆ ಒಂದು ಖಾಲಿ ಡಬ್ಬಿ ಎಂದುಕೊಳ್ಳಿ. ಪ್ರಶ್ನೆ ಕೇಳಿದ ಕೂಡಲೇ ಡಬ್ಬಿ ಕೈಗೆ ಬರುತ್ತದೆ, ಉತ್ತರ ಆಮೇಲೆ ಅದರೊಳಗೆ ಬಂದು ಬೀಳುತ್ತದೆ. ಡಬ್ಬಿಗೆ ಮೂರೇ ಸ್ಥಿತಿ: ಕಾಯುತ್ತಿದೆ, ಸಿಕ್ಕಿತು, ಇಲ್ಲವೆಂದರು. ಒಮ್ಮೆ ಸಿಕ್ಕಿತೆಂದೋ ಇಲ್ಲವೆಂದೋ ಆದ ಮೇಲೆ ಬದಲಾಗುವಂತಿಲ್ಲ. ಉತ್ತರ ಬೇಕಾದವರು ಡಬ್ಬಿಯ ಹತ್ತಿರ "ಬಂದಾಗ ನನಗೆ ಹೇಳು" ಎಂದು ಹೇಳಿಟ್ಟಿರಬೇಕು. ಎರಡು ವಾರ ತಿದ್ದಿ ತಿದ್ದಿ ಬರೆದೆ. ಪುಟ ತೆರೆದಾಗ ಧಾರಣೆಗಳು ಪಟಪಟ ಬಂದು ಬಿದ್ದವು. ಆಫೀಸಿನ ಯಜಮಾನರು ಬಂದು ಹಿಂದೆ ನಿಂತರು.

"ಏನಮ್ಮಾ, ಆದೋನಿ ರೇಟ ಇಲ್ಲಲ್ಲ! ರಾಯಚೂರಿಂದು ಬಂತು, ಬಳ್ಳಾರಿದು ಬಂತು. ಇಲ್ಲೇ ಮಗ್ಗಲದಾಗ ಮಾರ್ಕೆಟ್ ಐತಿ. ಹೋಗಿ ಕೇಳ್ಕೊಂಡು ಬರ್ಲೇನು ನಾನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದೆ. ತಪ್ಪು ಸಿಕ್ಕಿತು. ಆದೋನಿಯ ಧಾರಣೆಯನ್ನು ನಮ್ಮ ಸರ್ವರಿನಲ್ಲೇ ಬರೆದಿಟ್ಟಿದ್ದೆವು, ಆದ್ದರಿಂದ ಅದರ ಉತ್ತರ ಕೇಳಿದ ಕ್ಷಣವೇ ಬಂದುಬಿಡುತ್ತಿತ್ತು. ಪುಟ "ಬಂದಾಗ ಹೇಳು" ಎನ್ನುವ ಮೊದಲೇ ಬಂದು ಡಬ್ಬಿಯೊಳಗೆ ಕೂತಿರುತ್ತಿತ್ತು. ನಾನು ಬರೆದ ಡಬ್ಬಿಯೋ, ಉತ್ತರ ಬೀಳುವ ಹೊತ್ತಿಗೆ ಎದುರು ನಿಂತವರಿಗೆ ಮಾತ್ರ ಹೇಳುತ್ತಿತ್ತು. ಆಮೇಲೆ ಬಂದವರು ಕಾಯುತ್ತಲೇ ಇರಬೇಕು. ಎಲ್ಲಕ್ಕಿಂತ ಹತ್ತಿರದ ಉತ್ತರವೇ ಕಳೆದುಹೋಗುತ್ತಿತ್ತು.

ಮೂರು ಸಾಲು ಸೇರಿಸಿದರೆ ಸರಿಹೋಗುತ್ತಿತ್ತು: ಈಗಾಗಲೇ ಉತ್ತರ ಬಂದಿದ್ದರೆ, ತಡವಾಗಿ ಕೇಳಿದವರಿಗೂ ಕೊಡು. ಎರಡನೆಯ ಸಾಲಿಗೆ ಕೈ ನಿಂತಿತು. ನಮ್ಮೂರ ಸ್ಟಾಪಿನ ರೂಢಿ ನೆನಪಾಗಿತ್ತು. ಬಸ್ಸು ತಪ್ಪಿದವರು, ಒಬ್ಬರಿಗೊಬ್ಬರು ಸಿಗದವರು ಹೋಟೆಲಿನ ಅತ್ತೆಯ ಹತ್ತಿರ ಮಾತು ಇಟ್ಟು ಹೋಗುತ್ತಾರೆ. ಅತ್ತೆ ಯಾರ ಮನೆಗೂ ಹೋಗಿ ಹೇಳುವುದಿಲ್ಲ, ನಾಲ್ಕು ಜನರ ಮುಂದೆ ಕೂಗುವುದೂ ಇಲ್ಲ. ಬಂದು ಕೇಳಿದರೆ ಹೇಳುತ್ತಾಳೆ. ಹುಟ್ಟಿದಾಗಿನಿಂದ ಕಂಡ ರೂಢಿ. ಆ ಸೋಮವಾರ ನಾನು ಕೇಳಿರಲಿಲ್ಲ.

ಬಂದ ಭಾನುವಾರವೇ ಊರಿಗೆ ಹೋದೆ. ಅತ್ತೆ ಬಾಣಲೆಯ ಮುಂದೆ ಕೂತಿದ್ದಳು.

"ಅತ್ತಿ, ನಾ ಟ್ರಂಕ್ ಹಿಡ್ಕೊಂಡು ಆದೋನಿಗೆ ಹೋದ್ನಲ್ಲ, ಅವತ್ತು ನನಗಂತ ಯಾರರ ಮಾತಿಟ್ಟಿದ್ರೇನು?"

ಅತ್ತೆ ಜಾಲರಿ ಸೌಟನ್ನು ಎಣ್ಣೆಯ ಮೇಲೇ ಹಿಡಿದು ನನ್ನನ್ನು ನೋಡಿದಳು.

"ಈಗ ಬಂದೇನವ್ವ ಕೇಳಾಕ? ಚಾ ಕುಡಿ ಬಾ ಅಂತ ಕರೆದ್ರ ಬಂದೇನು ಅವತ್ತು? ಕಲೆಕ್ಟರ್ ಮೇಡಂ ನಿಂತಂಗ ನಿಂತಿದ್ದಿ!"

"ಅಲ್ಲೇ ಹೇಳಬೇಕಿತ್ತಲ್ಲ ಅತ್ತಿ."

"ಹೆಂಗ ಹೇಳ್ಲಿ? ಆಕಿ ಸೋದರಮಾವ ಬೆಂಚಿನ ಮ್ಯಾಲ ಬಜ್ಜಿ ತಿನ್ಕೋತ ಕುಂತಾನ. ಅದಕ್ಕ ಒಳಗ ಕರೆದೆ. ಆಕಿ ಐತವಾರನ ಬಂದು ಹೇಳಿ ಹೋಗಿದ್ಲು. ಮನ್ಯಾಗ ಬ್ಯಾಡ ಅಂದಾರ, ಆದ್ರ ಬೇಸ್ತವಾರ ಎಲ್ಲಾರೂ ಹತ್ತಿ ಬಿಡಸಾಕ ಹೋಗ್ತಾರ, ಅವತ್ತು ಸರ್ಟಿಫಿಕೇಟ್ ತಗೊಂಡು ಬಂದ್ಬಿಡ್ತೀನಿ. ಅಲ್ಲಿತನ ತಡಿ ಅನ್ನು, ಒಬ್ಬಾಕೀನ ಹೋಗಬ್ಯಾಡ ಅನ್ನು. ಹಿಂಗಂದ್ಲು."

"ಬಂದಿದ್ಲೇನು, ಬೇಸ್ತವಾರ?"

"ಬಂದಿದ್ಲು. 'ನಾ ಇಟ್ಟ ಮಾತು ಆಕಿ ಕೇಳಿದ್ಲೇನು ಅತ್ತಿ' ಅಂದ್ಲು. 'ಕೇಳಲಿಲ್ಲ, ಸೋಮವಾರನ ಹೋದ್ಲು' ಅಂದೆ. ಸುಳ್ಳು ಹೇಳ್ಲೇನು ನಾನು? ನಿನ್ನ ರೂಮ್ ಎಲ್ಲೈತಂತ ಆಕಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮನಿಗೆ ಹೋದ್ಲು."

ಬಜ್ಜಿ ಕಟ್ಟಿಕೊಟ್ಟು, ಆಕೆಯ ಈಗಿನ ನಂಬರನ್ನೂ ಅತ್ತೆಯೇ ಕೊಟ್ಟಳು. ಸ್ಟಾಪಿನ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ಫೋನು ಮಾಡಿದೆ.

"ಯಾರ್ರೀ?"

ನಾನು ಎಂದು ಹೇಳಿದೆ. ಆ ಕಡೆ ಒಂದು ಕೂಸು ಅಳುತ್ತಿತ್ತು, ಕುಕ್ಕರು ಕೂಗುತ್ತಿತ್ತು.

"ಓಹೋ, ಏಮಮ್ಮಾ! ದಾರಿ ತಪ್ಪಿ ಬಂತೇನು ಫೋನು?"

"ನೀ ಇಟ್ಟ ಮಾತು ಈಗ ಕೇಳಿದೆ ನೋಡು. ನೀ ಇಲ್ಲ ಅಂದಿ ಅಂತ ತಿಳ್ಕೊಂಡಿದ್ದೆ."

"ಇಲ್ಲ ಅನ್ನೋದಿದ್ರ ಬಂದು ಇಲ್ಲ ಅಂತಿದ್ದೆ. ನನಗ ಬಾಯಿಲ್ಲೇನ?" ಎಂದು ನಕ್ಕಳು. ನಗು ಹಾಗೇ ಇತ್ತು. "ಇರ್ಲಿ ಬಿಡು. ಏನ್ ಕೆಲಸ ಮಾಡ್ತೀ ಅಲ್ಲಿ? ಅದನ್ನರ ಹೇಳು."

ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಲಾಗದ್ದನ್ನು ಆಕೆಗೆ ಹೇಳಿದೆ. ಡಬ್ಬಿ, ಮೂರು ಸ್ಥಿತಿ, ಆದೋನಿಯ ಖಾಲಿ ಧಾರಣೆ, ಮೂರು ಸಾಲು. ನಡುವೆ ಒಂದು ಸಲ ಕೂಸಿಗೆ "ಸುಮ್ನಿರಲೇ" ಎಂದಳು, ಅಷ್ಟೇ.

"ಆತು, ತಡಾಗಿ ಕೇಳಿದವರಿಗೂ ಸಿಗ್ತೈತಿ" ಎಂದಳು ಕೊನೆಗೆ. "ಯಾರೂ ಕೇಳಾಕ ಬರ್ಲೇ ಇಲ್ಲಂದ್ರ? ಬಂದ ಉತ್ತರ ಏನಾಗ್ತೈತಿ?"

ಎರಡು ವಾರದಲ್ಲಿ ಆಫೀಸಿನ ಒಬ್ಬರಿಗೂ ಹೊಳೆಯದ ಪ್ರಶ್ನೆ. ನನಗೂ ಹೊಳೆದಿರಲಿಲ್ಲ.

"ಪುಟ ಮುಗಿದ ಕೂಡ್ಲೆ ಅಳಿಸಿ ಹೋಗ್ತೈತಿ" ಎಂದೆ.

"ಹ್ಞೂಂ."

ಕುಕ್ಕರು ಮತ್ತೊಮ್ಮೆ ಕೂಗಿತು. ಆಕೆ ಫೋನು ಇಡಲಿಲ್ಲ, ನಾನೂ ಇಡಲಿಲ್ಲ.

"ಕೇಳಿಲ್ಲಿ, ಈ ಕೆಲಸ ನಿನಗೂ ಬರ್ತೈತಿ, ನೀನೂ ಆದೋನಿಗೆ..." ಎಂದು ಶುರುಮಾಡಿದೆ.

"ಈಗ ಕೇಳಬ್ಯಾಡವ್ವ" ಎಂದಳು ಮೆಲ್ಲಗೆ. "ಕೇಳಿದ್ರ ಹೂಂ ಅಂದ್ಬಿಡ್ತೀನಿ."

ಬಸ್ಸು ಬಂತು. ಆದೋನಿಯವರೆಗೂ ಬಾಗಿಲ ಹತ್ತಿರ ನಿಂತೇ ಬಂದೆ. ಅರ್ಧಕ್ಕೆ ನಿಂತ ಆ ವಾಕ್ಯ ನನ್ನ ಬಾಯೊಳಗೇ ಇತ್ತು. ಈಗಲೂ ಇದೆ.