ಏಳನೆಯ ಹಕ್ಕಿ

ಅವರ ಎರಡೂ ಕಣ್ಣುಗಳ ಸುತ್ತ ಬಳೆಯಿಟ್ಟು ಒತ್ತಿದಂಥ ಗುಂಡನೆಯ ಗುರುತುಗಳಿದ್ದವು. ವಾರವಿಡೀ ಮೈಕ್ರೋಸ್ಕೋಪು, ಭಾನುವಾರ ದುರ್ಬೀನು. ಆ ಗುರುತು ಮಾಸಲು ಬಿಡುವೇ ಸಿಗುತ್ತಿರಲಿಲ್ಲ. ಎಂಬತ್ತರ ದಶಕದ ನಡುವಿನಲ್ಲಿ ನಾನು ಅಮೆರಿಕದ ಸಾಂಟಾ ಕ್ಲಾರಾದ ಒಂದು ಕಂಪ್ಯೂಟರ್ ಚಿಪ್ ಕಾರ್ಖಾನೆಯ ತಪಾಸಣೆ ವಿಭಾಗ ಸೇರಿದಾಗ ಅಲ್ಲಿ ಸೂಪರ್‌ವೈಸರ್ ಆಗಿದ್ದವರು ಅವರು. ಉಡುಪಿಯವರು. ಉಳಿದವರೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಐವತ್ತು ದಾಟಿದವರನ್ನು ಹಾಗೆ ಕರೆಯಲು ಹುಬ್ಬಳ್ಳಿಯ ನನಗೆ ನಾಲಿಗೆ ಹೊರಳಲಿಲ್ಲ. ಅಕ್ಕ ಎಂದೆ. ಅದೇ ಉಳಿಯಿತು.

ಮೊದಲ ದಿನವೇ ಮೈಕ್ರೋಸ್ಕೋಪಿನಲ್ಲಿ ಚಿಪ್ ಮೇಲೊಂದು ಗೆರೆ ಕಂಡು, ಕಲಿತದ್ದನ್ನು ತೋರಿಸುವ ಆತುರದಲ್ಲಿ ‘ಸ್ಕ್ರ್ಯಾಚು’ ಎಂದುಬಿಟ್ಟೆ. ಅಕ್ಕ ಬಗ್ಗಿ ನೋಡಿದರು. “ಅದು ನೀನಿಟ್ಟ ಹೆಸರು. ಕಂಡದ್ದು ಎಂತ, ಅದನ್ನು ಹೇಳು,” ಎಂದರು. ಎಷ್ಟು ಉದ್ದ, ಯಾವ ಕಡೆಗೆ ಬಾಗಿದೆ, ನೆರಳು ಬೀಳುತ್ತದೆಯೇ ಎಂದು ಒಂದೊಂದಾಗಿ ಹೇಳಿಸಿದರು. ನೆರಳು ಬೀಳುತ್ತಿತ್ತು. ಗಾಳಿ ಊದಿದರೆ ಗೆರೆ ಹಾರಿಹೋಯಿತು. ಯಾರದೋ ಕೈಗವಸಿನ ಎಳೆ.

ಊಟದ ಬಿಡುವಿನಲ್ಲಿ ಅವರು ಕ್ಯಾಂಟೀನಿಗೆ ಬರುತ್ತಿರಲಿಲ್ಲ. ಪಾರ್ಕಿಂಗ್ ಲಾಟಿನ ಆಚೆ ಹಳೆಯ ತೋಟ ಕಡಿದು ಬಯಲು ಮಾಡಿದ್ದ ಜಾಗವೊಂದಿತ್ತು. ಅದರ ಬೇಲಿಗೆ ಒರಗಿ, ಸ್ಟೀಲ್ ಡಬ್ಬಿಯ ಮೊಸರನ್ನ ತಿನ್ನುತ್ತ ಆಕಾಶದಲ್ಲಿ ಹಕ್ಕಿಗಳನ್ನು ನೋಡುವರು. ನೋಡಿದ್ದನ್ನು ಪುಟ್ಟ ಪುಸ್ತಕದಲ್ಲಿ ಬರೆಯುವರು. ಗಂಡ ತೀರಿಹೋದ ವರ್ಷ ಮನೆಯಲ್ಲಿ ಕೂರಲಾಗದೆ ಹಿಡಿದ ಅಭ್ಯಾಸವಂತೆ. ಇಲ್ಲೇ ಹುಟ್ಟಿದ ಮಗಳಿಗೆ ಇದೆಲ್ಲ ಬೇಜಾರು. ತಾಯಿ ಕನ್ನಡದಲ್ಲಿ ಕರೆದರೆ ಅವಳು ಇಂಗ್ಲಿಷಿನಲ್ಲಿ ಒಲ್ಲೆ ಎನ್ನುತ್ತಿದ್ದಳು. ನನ್ನ ಗಂಡನಿಗೆ ಭಾನುವಾರವೂ ಆಫೀಸು. ಹಾಗಾಗಿ ಅಕ್ಕನ ಹಳೆಯ ಸ್ಟೇಷನ್ ವ್ಯಾಗನಿನಲ್ಲಿ ಮುಂದಿನ ಸೀಟು ನನಗೆ ಸಿಕ್ಕಿತು.

ಒಂದು ಚಳಿಗಾಲದ ಬೆಳಿಗ್ಗೆ ಮಾರ್ಗನ್ ಹಿಲ್ ದಾರಿಯ ಹೊಲಗಳ ಕಡೆ ಹೋಗಿದ್ದೆವು. ಉತ್ತಿದ ಕರಿಮಣ್ಣು, ಮೇಲೆ ಸುತ್ತುವ ರಣಹದ್ದುಗಳು. ಅಕ್ಕ ಗಾಡಿ ನಿಲ್ಲಿಸಿ ಎಣಿಸಲು ಹೇಳಿದರು.

“ಏಳು ಅದಾವ್ರಿ ಅಕ್ಕಾ.”

“ಇನ್ನೊಮ್ಮೆ ನೋಡು.”

ನೋಡಿದೆ. ಏಳೂ ಕರಿಯವು, ಏಳೂ ರೆಕ್ಕೆಗಳನ್ನು ತುಸು ಮೇಲೆತ್ತಿ ಓಲಾಡುತ್ತ ತೇಲುತ್ತಿದ್ದವು. ಆದರೆ ಒಂದರ ತಲೆ ಬೋಳಾಗಿರಲಿಲ್ಲ. ಅದು ತಿರುಗಿದಾಗ ಬಾಲದಡಿ ಏನೋ ಬೆಳ್ಳಗೆ ಮಿಂಚಿತು. ಉಳಿದವುಗಳ ನಡುವಿನಿಂದ ಅದು ಒಮ್ಮೆಲೇ ರೆಕ್ಕೆ ಮಡಚಿ ನೆಲಕ್ಕೆ ಬಿತ್ತು. ಬದುವಿನ ಮೇಲಿದ್ದ ನೆಲದಳಿಲು ಓಡುವ ಯೋಚನೆಯನ್ನೂ ಮಾಡಿರಲಿಲ್ಲ. ರಣಹದ್ದಿಗೆ ಅಳಿಲು ಯಾಕೆ ಹೆದರಬೇಕು? ಸತ್ತದ್ದನ್ನು ತಿನ್ನುವ ಹಕ್ಕಿ ಅದು. ಇದು ರಣಹದ್ದಲ್ಲ ಎಂದು ಅಳಿಲಿಗೆ ಗೊತ್ತಾದಾಗ ಅದು ಉಗುರಿನಲ್ಲಿತ್ತು. ರಣಹದ್ದಿನಂತೆ ತೇಲುತ್ತಿದ್ದ ಆ ಗಿಡುಗ ಅಳಿಲನ್ನು ಹೊತ್ತು ನಮ್ಮ ಮುಂದೆಯೇ ಬೇಲಿ ದಾಟಿ ಹೋಯಿತು.

ಅಕ್ಕ ದುರ್ಬೀನು ಇಳಿಸಿದರು. ನಾನು ಬಾಯಿ ತೆರೆಯುವ ಮೊದಲೇ ತಡೆದರು. “ಮಾತಾಡ್ಬೇಡ. ಹಕ್ಕಿಗಳ ಪುಸ್ತಕ ತೆಗೀಬೇಡ. ಆಚೆ ಬದಿಗೆ ಹೋಗಿ ಕೂತು ಬರಿ.” ಇಂಗ್ಲಿಷು ಕೈಗೆ ಬರುತ್ತಿಲ್ಲ ಎಂದೆ. “ಕನ್ನಡ ಉಂಟಲ್ಲ,” ಎಂದರು. ಗಾಡಿಯ ಎರಡು ಬದಿಗೆ ಇಬ್ಬರೂ ಬೆನ್ನು ಮಾಡಿ ಕೂತು ಬರೆದೆವು. ಕರಿ ಸೀರೆಗೆ ಬಿಳಿ ಅಂಚಿಟ್ಟಂತೆ ಬಾಲಕ್ಕೊಂದು ಪಟ್ಟಿ, ಕೊಕ್ಕಿನ ಬುಡ ಅರಿಶಿನ ಹಚ್ಚಿದಂತೆ, ಕಾಲೂ ಹಳದಿ ಎಂದು ನಾನು ಬರೆದೆ.

ಹಿಂದಿರುಗುವಾಗ ಅಕ್ಕ ಹಳೆಯ ಸಂಗತಿಯೊಂದನ್ನು ಹೇಳಿದರು. ನಾಲ್ಕು ವರ್ಷದ ಹಿಂದೆ ಅವರು ಒಬ್ಬರೇ ಬಂದಿದ್ದಾಗ ಇದೇ ಹೊಲಗಳ ಮೇಲೆ ಇಂಥದೇ ಹಕ್ಕಿ ಕಂಡಿತ್ತು. ದಕ್ಷಿಣದ ಮರುಭೂಮಿ ಸೀಮೆಯ ಗಿಡುಗ, ನಮ್ಮ ಕಣಿವೆಗೆ ಬರುವುದೇ ಅಪರೂಪ. ಪಕ್ಷಿ ನೋಡುವವರ ಸಂಘಕ್ಕೆ ಬರೆದರೆ, ಬೆಳಕು ಸಾಲದೆ ರಣಹದ್ದನ್ನು ತಪ್ಪಾಗಿ ತಿಳಿದಿರಬಹುದೆಂದು ನಯವಾದ ಉತ್ತರ ಬಂದಿತ್ತು. ಅಂದಿನಿಂದ ಅವರು ಯಾರಿಗೂ ಏನನ್ನೂ ತಿಳಿಸಿರಲಿಲ್ಲ. ಈಗ ಎಡಗಣ್ಣಿಗೆ ಪೊರೆ ಬೇರೆ ಬರತೊಡಗಿತ್ತು. ಈ ಸಲ ಇಬ್ಬರ ಹಾಳೆ ಕಳಿಸಿದರೂ ಸಂಘದವರು ಇಲ್ಲವೆಂದರೆ ಮತ್ತೆ ನೋಡುವ ಕಾಲ ಇದೆಯೋ ಇಲ್ಲವೋ ಎಂದು ನನಗೇ ಆತಂಕವಾಯಿತು.

ಅದೇ ಆತಂಕದಲ್ಲಿ ನಾನು ಒಂದು ತಪ್ಪಿಗೆ ಇಳಿದೆ. ನನ್ನ ಹಾಳೆಯನ್ನು ನಿಘಂಟು ಹಿಡಿದು ಇಂಗ್ಲಿಷಿಗೆ ತರುವಾಗ ಗ್ರಂಥಾಲಯದ ಪಕ್ಷಿಪುಸ್ತಕ ತೆರೆದೆ. ಅದರ ಚಿತ್ರದಲ್ಲಿ ಬಾಲಕ್ಕೆ ಎರಡು ಪಟ್ಟಿ! ಸೋಮವಾರ ಬೇಲಿಯ ಹತ್ತಿರ ಅಕ್ಕನಿಗೆ ಹೇಳಿದೆ: ಒಂದರ ಜಾಗದಲ್ಲಿ ಎರಡು ಅಂತ ಮಾಡಿಬಿಡಲೇ?

ಅವರು ಡಬ್ಬಿ ಕೆಳಗಿಟ್ಟರು. ಅಷ್ಟು ಸಿಟ್ಟಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

“ಪುಸ್ತಕದ್ದು ಪುಸ್ತಕ ಬರೆದವನು ನೋಡಿದ್ದು. ನೀನು ನೋಡಿದ್ದು ಎಷ್ಟು?”

“ಒಂದು.”

“ಹಾಗಾದ್ರೆ ಒಂದು ಬರಿ. ಅವರು ನಂಬದಿದ್ರೆ ನಂಬದೇ ಇರ್ಲಿ.”

ತಾವು ಬರೆದದ್ದೇನೆಂದು ಮಾತ್ರ ತೋರಿಸಲಿಲ್ಲ. ನನ್ನ ಕನ್ನಡದ ಹಾಳೆಯನ್ನೂ ಮುರುಕು ಇಂಗ್ಲಿಷಿನ ಹಾಳೆಯನ್ನೂ ತಮ್ಮದರ ಜೊತೆ ಪಿನ್ ಮಾಡಿ ಅಂಚೆಗೆ ಹಾಕಿದರು. ಎರಡು ತಿಂಗಳು ಇಬ್ಬರೂ ಆ ಮಾತೆತ್ತಲಿಲ್ಲ.

ಉತ್ತರವನ್ನು ಅಕ್ಕ ಕಾರ್ಖಾನೆಗೇ ತಂದು ಊಟದ ಬಿಡುವಿನಲ್ಲಿ ಬೇಲಿಯ ಹತ್ತಿರ ನನ್ನ ಕೈಗಿತ್ತರು. ಅಕ್ಕನ ಬರಹದಲ್ಲಿ ಬಾಲದ ಪಟ್ಟಿಗಳು ಎರಡು. ಕೊಕ್ಕಿನ ಬುಡದ ಬಣ್ಣದ ಮುಂದೆ ‘ಕಾಣಲಿಲ್ಲ’ ಎಂದು ಬರೆದಿದ್ದರಂತೆ. ಎರಡನೆಯ ಪಟ್ಟಿ ಕಿರಿದು, ಹಕ್ಕಿ ಬಾಲ ಪೂರಾ ಹರಡಿದರೆ ಮಾತ್ರ ಕಾಣುವಂಥದು ಎಂದು ಸಂಘದವರು ವಿವರಿಸಿದ್ದರು. ಇಬ್ಬರೂ ತಮತಮಗೆ ಕಂಡಷ್ಟನ್ನೇ ಬರೆದದ್ದರಿಂದ ನಮಗೆ ಅನುಮಾನ ಉಳಿಯಲಿಲ್ಲ, ದಾಖಲೆಗೆ ಸೇರಿಸಿದ್ದೇವೆ ಎಂದಿತ್ತು. ನಾಲ್ಕು ವರ್ಷದ ಹಿಂದಿನ ಟಿಪ್ಪಣಿಯನ್ನೂ ಮತ್ತೆ ಕಳಿಸುವಂತೆ ಕೊನೆಯಲ್ಲಿ ಕೇಳಿದ್ದರು. ನಾನು ಓದಿ ಮುಗಿಸಿ ತಲೆಯೆತ್ತಿದರೆ ಅಕ್ಕ ಬೇಲಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆಮೇಲೆ ತಿರುಗಿ, “ಕಾಫಿ ಕುಡಿಯುವ, ಬಾ,” ಎಂದರು. ಮರುದಿನ ಇಡೀ ವಿಭಾಗಕ್ಕೆ ಗೋಳಿಬಜೆ ಕರಿದು ತಂದರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ನಂತರದ ಭಾನುವಾರಗಳೇ ನನ್ನ ಅಮೆರಿಕದ ಬದುಕಿನ ಸುಖದ ದಿನಗಳು. ಪೊರೆ ತೆಗೆಸಿದರೂ ಅಕ್ಕನ ಕಣ್ಣು ಸುಧಾರಿಸಲಿಲ್ಲ. ಡ್ರೈವಿಂಗು ನನ್ನ ಪಾಲಿಗೆ ಬಂತು. ನಾನು ಕಂಡದ್ದನ್ನು ಹೇಳುವೆ, ಅವರು ಕಣ್ಣು ಮುಚ್ಚಿ ಕೇಳಿ ಹೆಸರು ಹೇಳುವರು. ಆ ದಶಕ ಮುಗಿಯುವ ಮೊದಲೇ, ನಿವೃತ್ತಿಯಾಗಿ ವರ್ಷ ತುಂಬುವಷ್ಟರಲ್ಲಿ, ನಿದ್ದೆಯಲ್ಲೇ ಹೋದರು.

ಹದಿಮೂರು ದಿನ ಕಳೆದ ಮೇಲೆ ಮಗಳು ಫೋನು ಮಾಡಿ, ಅಮ್ಮ ಹೋಗುತ್ತಿದ್ದ ಜಾಗ ತೋರಿಸುತ್ತೀರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕರೆದುಕೊಂಡು ಹೋದೆ. ಹೊಲದಲ್ಲಿ ಸಾಸಿವೆ ಹೂ ಬಿಟ್ಟಿತ್ತು. ಮೇಲೆ ಬರೀ ರಣಹದ್ದುಗಳು. ನಡೆದದ್ದನ್ನೆಲ್ಲ ಕನ್ನಡದಲ್ಲೇ ಹೇಳಿದೆ. ಅವಳು ತಾಯಿಯ ದುರ್ಬೀನು ಹಿಡಿದು ಒಂದೊಂದನ್ನೇ ನೋಡುತ್ತ ಹೋದಳು. ಮಧ್ಯಾಹ್ನವಾಯಿತು. ಹಸಿವಾಗಿರಬೇಕೆಂದು ನಾನು ಕೀಲಿ ತಿರುಗಿಸಲು ಹೊರಟೆ. ಅವಳು ದುರ್ಬೀನು ಇಳಿಸದೆಯೇ ನನ್ನ ಕೈ ಹಿಡಿದಳು.

“ಸ್ವಲ್ಪ ಹೊತ್ತು ಕೂತುಕೊಳ್ಳುವ,” ಎಂದಳು.

ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು. ಕೂತೆವು.