ಅಮ್ಮನ ಹೆಸರಿಗೆ ಬಂದ ಊಟ

ಮನೆಗೆ ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಕಾಲ. ಸಿಂಗಪುರದಲ್ಲಿದ್ದ ತಂಗಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ಅಮ್ಮ ಹೋಗಬೇಕು, ವಿಮಾನವನ್ನೇ ಹತ್ತದ ಅಮ್ಮನ ಜೊತೆಗೆ ನಾನು ಹೋಗಬೇಕು ಅಂತಾಯಿತು. ಏಜೆಂಟರಿಗಿಂತ ಅಗ್ಗ ಅಂತ ತಂಗಿಯೇ ಒಂದು ವೆಬ್‌ಸೈಟು ಹೇಳಿದ್ದಳು.

ಜಯನಗರದ ನಮ್ಮ ಹಾಲಿನಲ್ಲಿ ಕಂಪ್ಯೂಟರಿನ ಮೇಲಿನ ಕ್ರೋಶಾ ಬಟ್ಟೆ ತೆಗೆದು ಇಬ್ಬರೂ ಕುರ್ಚಿ ಎಳೆದುಕೊಂಡು ಕೂತೆವು. ಕಾನ್ವೆಂಟಿನಲ್ಲಿ ಓದಿದವಳು ಅಂತ ಇಂಗ್ಲಿಷಿನ ಸಣ್ಣ ಅಕ್ಷರ ಓದುವ ಕೆಲಸ ಯಾವಾಗಲೂ ನನ್ನದೇ. ಅಗ್ಗದ ಟಿಕೆಟ್ಟು, ರದ್ದು ಮಾಡುವ ಹಾಗಿಲ್ಲ, ಹೆಸರು ಬದಲಾಯಿಸುವ ಹಾಗಿಲ್ಲ ಅಂತ ಓದಿ ಹೇಳಿದೆ.

"ನಾನ್ಯಾಕೆ ರದ್ದು ಮಾಡ್ಲಿ? ನನಗೆ ಕಿಟಕಿ ಪಕ್ಕ ಸಿಗತ್ತಾ ನೋಡು."

ಕಿಟಕಿ ಸಿಕ್ಕಿತು. ಆಮೇಲೆ ಊಟ ಯಾವುದು ಅಂತ ವೆಬ್‌ಸೈಟು ಕೇಳಿತು.

"ಹಿಂದೂ ಊಟ ಅಂತ ಇದ್ರೆ ಅದನ್ನೇ ಹಾಕೇ."

"ಅದರಲ್ಲಿ ಮಾಂಸ ಇರಬಹುದಂತಮ್ಮ. ದನದ್ದು ಮಾತ್ರ ಇರಲ್ವಂತೆ."

"ಅದ್ಯಾವ ಸೀಮೆ ಹಿಂದೂನೇ!"

ಅಮ್ಮ ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ವರ್ಷಗಳಾಗಿದ್ದವು. ಉಳಿದದ್ದು ಜೈನರ ಊಟ ಒಂದೇ.

"ನಾವು ಜೈನರಲ್ಲವಲ್ಲೇ. ಆಕಾಶಕ್ಕೆ ಹೋಗಿ ಸುಳ್ಳು ಹೇಳೋದಾ?"

"ಯಾರೂ ಕೇಳಲ್ಲ ಬಿಡಮ್ಮ" ಅಂದು ಒತ್ತಿದೆ. ಟಿಕೆಟ್ಟು ತಂಗಿಯ ಈಮೇಲಿಗೇ ಹೋಗಲಿ ಅಂತ ಅವಳ ವಿಳಾಸ ಕೊಟ್ಟೆ.

ಹೊರಡುವುದಕ್ಕೆ ಇನ್ನೂ ಸಮಯವಿತ್ತು. ಬಾಣಂತಿಯ ಅಂಟಿನುಂಡೆಗೆ ಕೊಬ್ಬರಿ ತುರಿಯುತ್ತಿದ್ದ ಅಮ್ಮ ಹಾಗೇ ಪಕ್ಕಕ್ಕೆ ಒರಗಿದಳು. ಮತ್ತೆ ಏಳಲಿಲ್ಲ.

"ತುಂಬಿದ ಬಸುರಿಗೆ ಸಾವಿನ ಸುದ್ದಿ ಮುಟ್ಟಿಸಬಾರದು. ಮಗು ಕೈಗೆ ಬರಲಿ, ಆಮೇಲೆ ಹೇಳು" ಅಂದರು ದೊಡ್ಡಮ್ಮ. ತಂಗಿಯ ಗಂಡನಿಗೆ ಮಾತ್ರ ತಿಳಿಸಿದೆವು. ತಂಗಿಗೆ, ಅಮ್ಮನ ಕಿವಿ ಸೋರುತ್ತಿದೆ, ಡಾಕ್ಟರು ವಿಮಾನ ಬೇಡ ಅಂದಿದ್ದಾರೆ, ಫೋನೂ ಕೇಳಿಸುತ್ತಿಲ್ಲ ಅಂತ ಹೇಳಿದ್ದು ನಾನೇ. ಅಷ್ಟು ಚೆನ್ನಾಗಿ ಹೊಂದುವ ಸುಳ್ಳು ನನ್ನ ಬಾಯಿಗೆ ಹೇಗೆ ಬಂತೋ.

ಕಾರ್ಯ ಮುಗಿದ ಮಾರನೆಯ ದಿನವೇ ಹೊರಟೆ. ಕಿಟಕಿ ಪಕ್ಕದ ಸೀಟು ಖಾಲಿ. ಅದರ ಬೆಲ್ಟಿನ ಎರಡು ತುದಿಗಳನ್ನು ಯಾರೋ ಅಚ್ಚುಕಟ್ಟಾಗಿ ಒಂದರ ಮೇಲೊಂದು ಇಟ್ಟಿದ್ದರು, ಅಮ್ಮ ಕೈ ಕಟ್ಟಿ ಕೂರುವ ಹಾಗೆ.

ವಿಶೇಷ ಊಟದವರಿಗೆ ಮೊದಲು ಬಡಿಸುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಇನ್ನೂ ಊಟದ ಗಾಡಿ ಬಂದಿರಲಿಲ್ಲ, ಗಗನಸಖಿಯೊಬ್ಬಳು ಒಂದೇ ತಟ್ಟೆ ಹಿಡಿದು ಬಂದು, ಮೇಲಿನ ಚೀಟಿ ನೋಡಿ ಅಮ್ಮನ ಹೆಸರು ಕರೆದಳು. ತಪ್ಪುತಪ್ಪಾಗಿ, ಆದರೆ ಪೂರ್ತಿ ಹೆಸರು.

"ಟಾಯ್ಲೆಟ್ಟಿಗೆ ಹೋಗಿದ್ದಾರಾ ಮೇಡಂ?"

ತಲೆಯಾಡಿಸಿದೆ. ಅಮ್ಮನ ಸೀಟಿನ ಮುಂದಿನ ಹಲಗೆ ಇಳಿಸಿ ಅವಳು ತಟ್ಟೆ ಇಟ್ಟು ಹೋದಳು. ನಾನು ಮುಚ್ಚಳ ತೆಗೆದೆ. ಅನ್ನ, ಹಳದಿ ಬೇಳೆ, ಸೌತೆಕಾಯಿ. ಹಬೆ ಕಿಟಕಿಯ ಕಡೆಗೆ ಹೋಯಿತು.

ನಮ್ಮಲ್ಲಿ ಹೋದವರಿಗೆ ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂರುತ್ತೇವೆ. ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲವಂತೆ. ಅಲ್ಲಿ ಮುಚ್ಚಲು ಬಾಗಿಲಿರಲಿಲ್ಲ. ನಾನು ಈಚೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ವಿಮಾನ ಅಲುಗುತ್ತಿದೆ, ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ. ತಿರುಗಿ ಮಾತ್ರ ನೋಡಲಿಲ್ಲ. ತಟ್ಟೆ ತೆಗೆದುಕೊಂಡು ಹೋಗುವಾಗಲೂ ನೋಡಲಿಲ್ಲ.

ಏರ್‌ಪೋರ್ಟಿನಲ್ಲಿ ತಂಗಿ ಗಂಡನ ತೋಳು ಹಿಡಿದು ನಿಂತಿದ್ದಳು. ನನ್ನನ್ನು ತಬ್ಬಿಕೊಂಡವಳು, ನನ್ನ ಭುಜದಾಚೆ ಗಾಜಿನ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಯವರು ಹೊರಗೆ ಬರುವವರೆಗೂ.

"ನಿನ್ನೆ ವೆಬ್‌ಸೈಟಿಂದ ಈಮೇಲ್ ಬಂದಿತ್ತಕ್ಕ, ನಾಳೆ ನಿಮ್ಮ ಪ್ರಯಾಣ ಅಂತ. ಇಬ್ಬರದೂ ಹೆಸರಿತ್ತು. ಅಮ್ಮ ಹೇಳದೆ ಬಂದು ಹೆದರಿಸ್ತಾಳೆ ಅಂದ್ಕೊಂಡಿದ್ದೆ."

"ಕಿವಿ ವಾಸಿ ಆಗ್ಲಿ, ಬರ್ತಾಳೆ" ಅಂದೆ.

ಕಾರಿನಲ್ಲಿ ಹಿಂದೆ ನನ್ನ ಪಕ್ಕಕ್ಕೇ ಬಂದು ಕೂತಳು. ಆಮೇಲೆ ಕೇಳಿದಳು, "ಅಮ್ಮನ ಕಿಟಕಿ ಸೀಟಲ್ಲಿ ನೀನು ಕೂತ್ಕೊಂಡ್ಯಾ?"

"ಇಲ್ಲ."

ಯಾಕೆ ಅಂತ ಅವಳು ಕೇಳಲಿಲ್ಲ. ನನ್ನ ಕೈಯನ್ನು ಎಳೆದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಮಗು ಹುಟ್ಟುವವರೆಗೂ ಅಮ್ಮನ ಕಿವಿ ಹೇಗಿದೆ ಅಂತ ಮತ್ತೆ ಒಂದು ಸಲವೂ ವಿಚಾರಿಸಲಿಲ್ಲ.